ದೂರದಿಂದ ವೈದ್ಯ ಸಲಹೆ: ಹೊಣೆ ಯಾರದು?

(ಆಸ್ಪತ್ರೆಯ ಹೊರರೋಗಿ ವಿಭಾಗದ ಪಡಸಾಲೆಯಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಇಂದು ನಾನು ಯಾವುದೇ ಒಂದು ರೋಗದ ಬಗ್ಗೆ ಮಾತನಾಡುವುದಿಲ್ಲ. ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನಿನ ಬಗ್ಗೆ ಮಾತನಾಡುತ್ತೇನೆ. ಇಂದು ವೈದ್ಯರ ಸಲಹೆ ಫೋನಿನಲ್ಲಿ ಸಿಗುತ್ತದೆ. ಗಾಯದ ಫೋಟೋ ಕಳಿಸಿದರೆ ಔಷಧಿ ಚೀಟಿ ಫೋನಿಗೇ ಬರುತ್ತದೆ. ಇದರಿಂದ ಅನುಕೂಲವಿದೆಯೇ? ಖಂಡಿತ ಇದೆ. ಅಪಾಯವಿದೆಯೇ? ಅದೂ ಇದೆ. ಹಾಗಾದರೆ ಈ ಎರಡರ ನಡುವೆ ರೋಗಿಯನ್ನು ಕಾಯುವುದು ಯಾವುದು? ಸರ್ಕಾರ ಮಾಡಿರುವ ನಿಯಮ ಮತ್ತು ಆ ನಿಯಮವನ್ನು ತಿಳಿದುಕೊಂಡ ರೋಗಿ. ಎರಡೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ.

ಎರಡು ವರ್ಷಗಳ ಹಿಂದಿನ ಮಾತು. ಹಳ್ಳಿಯ ಒಬ್ಬ ತಾಯಿಗೆ ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಾಲು ಬಾತುಕೊಂಡಿತು. ಊರಿನಿಂದ ಇಲ್ಲಿಗೆ ಬರಬೇಕೆಂದರೆ ಎರಡು ಬಸ್ಸು, ಒಂದು ದಿನದ ಕೂಲಿ ಖೋತಾ. ಬೆಂಗಳೂರಿನಲ್ಲಿದ್ದ ಮಗ ತಾಯಿಯ ಮೇಲಿನ ಕಾಳಜಿಯಿಂದಲೇ ಫೋನಿನ ಒಂದು ಆ್ಯಪ್‌ನಲ್ಲಿ ಹಣ ಕಟ್ಟಿದ. ಸೊಸೆ ಕಾಲಿನ ಫೋಟೋ ತೆಗೆದು ಕಳಿಸಿದಳು. ಹತ್ತು ನಿಮಿಷದಲ್ಲಿ ಚೀಟಿ ಬಂತು. ಗುಳಿಗೆ ತಂದರು, ನುಂಗಿಸಿದರು. ಒಂಬತ್ತನೆಯ ದಿನ ಜ್ವರ ಏರಿದಾಗ ಇಲ್ಲಿಗೆ ಕರೆತಂದರು.

“ಯಾವಾಗಿಂದ ಹಿಂಗಾಗೈತಿ ಅವ್ವಾ?” ಎಂದು ಕೇಳಿದೆ.

“ಫೋನಿನಾಗ ತೋರಿಸೇವ್ರೀ ಸಾಹೇಬ್ರ, ಗುಳಿಗಿ ಬರದು ಕೊಟ್ಟಾರ” ಎಂದರು ಆ ತಾಯಿ.

ಕಾಲು ಎತ್ತಿ ನೋಡಿದೆ. ಅಂಗಾಲಿನಲ್ಲಿ ಹುಣ್ಣಾಗಿ ಒಳಗೆಲ್ಲ ಕೀವು ತುಂಬಿತ್ತು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋಗಿದ್ದರಿಂದ ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಸೊಸೆ ತೆಗೆದ ಫೋಟೋದಲ್ಲಿ ಪಾದದ ಮೇಲ್ಭಾಗ ಮಾತ್ರ ಇತ್ತು. “ಕೆಳಗಡೆ ತೋರಿಸಿ” ಎಂದು ಆಚೆಯವರು ಕೇಳಲಿಲ್ಲ, ಇವರಿಗೆ ತೋಚಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಅಂಗಾಲ ಹುಣ್ಣಿಗೆ ಕನ್ನಡಿಯೂ ಬೇಕು, ನೋಡುವವರೂ ಬೇಕು. ಕಾಲು ಉಳಿಯಿತು. ಎರಡು ಬೆರಳು ಹೋದವು.

ಆ ಚೀಟಿಯನ್ನು ನಾನು ಕೇಳಿ ಪಡೆದು ನೋಡಿದೆ. ಅದರಲ್ಲಿ ಸಂಸ್ಥೆಯ ಹೆಸರು ದೊಡ್ಡದಾಗಿತ್ತು. ಬರೆದ ವೈದ್ಯರ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ. ಆ ಸಂಸ್ಥೆ ಯಾವುದೆಂಬುದು ಇಲ್ಲಿ ಬೇಡ. ಆದರೆ ಮಗ ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. “ಸರ್, ನಾನು ಯಾರನ್ನ ಕೇಳಲಿ?”

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ಇಂದಿನ ಮಾತು.

ಮೊದಲು ಬಂದದ್ದು ಯಂತ್ರ, ನಂತರ ಬಂದದ್ದು ನಿಯಮ

ದೂರದಿಂದ ವೈದ್ಯ ಸಲಹೆ ಕೊಡುವುದು ಹೊಸದಲ್ಲ. ಇದಕ್ಕೆ ಟೆಲಿಮೆಡಿಸಿನ್ ಎನ್ನುತ್ತಾರೆ. 2000ನೇ ಇಸವಿಯಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯಲ್ಲಿ ಇಂತಹ ಒಂದು ಕೇಂದ್ರ ಆರಂಭವಾಯಿತು. ಅದಾದ ಮೇಲೆ ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಜೋಡಿಸಿತು. ಚಾಮರಾಜನಗರದ ರೋಗಿಯ ಇಸಿಜಿಯನ್ನು ಬೆಂಗಳೂರಿನ ತಜ್ಞರು ಕುಳಿತಲ್ಲಿಂದಲೇ ನೋಡುವಂತಾಯಿತು.

ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ರೋಗಿಯ ಪಕ್ಕದಲ್ಲಿ ಒಬ್ಬ ವೈದ್ಯರಿದ್ದರು, ಪರದೆಯ ಆಚೆ ಇನ್ನೊಬ್ಬರಿದ್ದರು. ಮುಟ್ಟಿ ನೋಡುವ ಕೈ ಇಲ್ಲೇ ಇತ್ತು. ಮುಂದೆ ಮೊಬೈಲ್ ಫೋನು ಮನೆಮನೆಗೆ ಬಂದಾಗ ರೋಗಿಯ ಪಕ್ಕದ ವೈದ್ಯರು ಮಾಯವಾದರು. ರೋಗಿ ಒಂಟಿಯಾಗಿ ಫೋನಿನ ಮುಂದೆ ಕುಳಿತರು. ಆದರೆ ಫೋನಿನಲ್ಲಿ ಯಾರು ಸಲಹೆ ಕೊಡಬಹುದು, ಯಾವ ಔಷಧಿ ಬರೆಯಬಹುದು, ತಪ್ಪಾದರೆ ಹೊಣೆ ಯಾರದು ಎಂಬುದಕ್ಕೆ ಸ್ಪಷ್ಟವಾದ ವೈದ್ಯಕೀಯ ನಿಯಮ ಬರಲು 2020ರವರೆಗೆ ಕಾಯಬೇಕಾಯಿತು.

ಕೊರೋನಾ ಲಾಕ್‌ಡೌನ್ ಶುರುವಾದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಪ್ರಕಟಿಸಿತು. ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿಗೆ ಅದನ್ನು ಸೇರಿಸಲಾಯಿತು. ಆದ್ದರಿಂದ ಅದು ಬರೀ ಉಪದೇಶವಲ್ಲ, ವೈದ್ಯರು ಪಾಲಿಸಲೇಬೇಕಾದ ಕಟ್ಟಳೆ.

ನೀವು ತಿಳಿದಿರಬೇಕಾದ ಎಂಟು ಅಂಶಗಳು

ಆ ಮಾರ್ಗಸೂಚಿ ಇಂಗ್ಲಿಷಿನಲ್ಲಿದೆ, ಉದ್ದವಾಗಿದೆ. ನಿಮಗೆ ಬೇಕಾದ ಸಾರವನ್ನು ಸರಳವಾಗಿ ಹೇಳುತ್ತೇನೆ. ದಯವಿಟ್ಟು ನೆನಪಿಡಿ.

1. ಫೋನಿನಲ್ಲಿ ಸಲಹೆ ಕೊಡುವವರು ನೋಂದಾಯಿತ ವೈದ್ಯರೇ ಆಗಿರಬೇಕು. ಮಾತು ಆರಂಭಿಸುವಾಗ ಅವರು ತಮ್ಮ ಹೆಸರು, ವಿದ್ಯಾರ್ಹತೆ ಹೇಳಬೇಕು. ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಆ್ಯಪ್ ನಡೆಸುವ ಸಂಸ್ಥೆಯೂ ವೈದ್ಯರ ಹೆಸರು, ಅರ್ಹತೆ, ನೋಂದಣಿ ಸಂಖ್ಯೆಯನ್ನು ರೋಗಿಗೆ ತಿಳಿಸಲೇಬೇಕು.

2. ರೋಗಿಯೂ ತನ್ನ ಹೆಸರು, ವಯಸ್ಸು, ವಿಳಾಸ ಮರೆಮಾಚುವಂತಿಲ್ಲ. ಮಗುವಿಗೆ ಸಲಹೆ ಬೇಕಾದರೆ ದೊಡ್ಡವರೊಬ್ಬರು ಜೊತೆಯಲ್ಲಿರಬೇಕು.

3. ಕರೆ ಮಾಡಿದವರು ರೋಗಿಯೇ ಆದರೆ ಅವರ ಒಪ್ಪಿಗೆ ಇದೆಯೆಂದೇ ಅರ್ಥ. ಬೇರೆಯವರು ಕರೆ ಮಾಡಿಸಿದರೆ ರೋಗಿಯ ಒಪ್ಪಿಗೆಯನ್ನು ಸ್ಪಷ್ಟವಾಗಿ ಕೇಳಿ ಪಡೆಯಬೇಕು.

4. ಮೊದಲ ಸಲ ನೋಡುವ ರೋಗಿಗೆ ಬರೀ ಮಾತಿನಲ್ಲಿ ಅಥವಾ ಸಂದೇಶದಲ್ಲಿ ಬರೆಯಬಹುದಾದ ಔಷಧಿಗಳು ತೀರ ಕಡಿಮೆ. ಜ್ವರದ ಗುಳಿಗೆ, ಓ.ಆರ್.ಎಸ್. ಇಂಥವು. ವಿಡಿಯೋದಲ್ಲಿ ನೋಡಿದರೆ ಇನ್ನು ಕೆಲವನ್ನು ಬರೆಯಬಹುದು. ಆರು ತಿಂಗಳೊಳಗೆ ಅದೇ ವೈದ್ಯರು ಅದೇ ಕಾಯಿಲೆಗೆ ನಿಮ್ಮನ್ನು ಎದುರಿಗೇ ನೋಡಿದ್ದರೆ ಅವಕಾಶ ಇನ್ನೂ ಹೆಚ್ಚು. ಮಾದಕ ಗುಣವುಳ್ಳ ಔಷಧಿಗಳನ್ನು ಫೋನಿನಲ್ಲಿ ಬರೆಯುವಂತಿಲ್ಲ.

5. ಎದುರಿಗೆ ಬಂದು ತೋರಿಸಲು ರೋಗಿ ಸಿದ್ಧರಿದ್ದರೆ “ಫೋನಿನಲ್ಲೇ ಸಾಕು” ಎಂದು ವೈದ್ಯರು ಒತ್ತಾಯ ಮಾಡುವಂತಿಲ್ಲ. ಇಬ್ಬರಲ್ಲಿ ಯಾರು ಬೇಕಾದರೂ ಯಾವ ಹಂತದಲ್ಲಾದರೂ ಸಲಹೆಯನ್ನು ನಿಲ್ಲಿಸಿ ನೇರ ಭೇಟಿ ಕೇಳಬಹುದು.

6. ಶುಲ್ಕ ಪಡೆದರೆ ರಸೀದಿ ಕೊಡಬೇಕು. ಸಲಹೆಯ ದಾಖಲೆಯನ್ನು ವೈದ್ಯರು ಇಟ್ಟಿರಬೇಕು.

7. ಔಷಧಿಯನ್ನು ಇಂಥ ಅಂಗಡಿಯಲ್ಲೇ ಕೊಳ್ಳಬೇಕೆಂದು ಕಟ್ಟುಮಾಡುವಂತಿಲ್ಲ. ಚೀಟಿಯನ್ನು ನೇರವಾಗಿ ಅಂಗಡಿಗೆ ಕಳಿಸಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಎಲ್ಲಿ ಕೊಳ್ಳಬೇಕೆಂಬುದು ನಿಮ್ಮ ಇಷ್ಟ.

8. ಕೃತಕ ಬುದ್ಧಿಮತ್ತೆಯ ಯಂತ್ರ ರೋಗಿಗೆ ತಾನೇ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ವೈದ್ಯರಿಗೆ ಅದು ಸಹಾಯ ಮಾಡಬಹುದು ಅಷ್ಟೆ. ಕೊನೆಯ ಮಾತು ಮನುಷ್ಯನದೇ ಆಗಿರಬೇಕು.

ಈಗ ಆ ತಾಯಿಯ ಚೀಟಿಯನ್ನು ಮತ್ತೆ ನೆನೆಯಿರಿ. ಹೆಸರಿಲ್ಲ, ಸಂಖ್ಯೆಯಿಲ್ಲ. ಅಂದರೆ ನಿಯಮ ಆಗಲೇ ಇತ್ತು. ಅದು ಮುರಿದದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ನಿಯಮ ಇದೆಯೆಂದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಫೋನು ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ನಾನು ಫೋನಿನ ವಿರೋಧಿಯಲ್ಲ. ಬಿ.ಪಿ. ಹತೋಟಿಯಲ್ಲಿದ್ದು ಅದೇ ಗುಳಿಗೆ ಮುಂದುವರಿಸಬೇಕೇ ಎಂದು ಕೇಳಲು, ರಕ್ತ ಪರೀಕ್ಷೆಯ ವರದಿ ತೋರಿಸಲು, ಆಪರೇಷನ್ ಆದ ಮೇಲೆ ಊಟ ಪಥ್ಯ ವಿಚಾರಿಸಲು ನೀವು ಬಸ್ಸು ಹತ್ತಿ ಬರಬೇಕಾಗಿಲ್ಲ. ಮನಸ್ಸಿನ ಬೇಗುದಿಗೂ ಫೋನು ದೊಡ್ಡ ಆಸರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ರಾಷ್ಟ್ರೀಯ ಕೇಂದ್ರ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಸ್ಮಾರ್ಟ್ ಫೋನು ಇಲ್ಲದವರು, ಓದು ಬರಹ ಬಾರದವರು ಏನು ಮಾಡಬೇಕು? ಅವರಿಗೂ ದಾರಿಯಿದೆ. ಸರ್ಕಾರದ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ನಿಮ್ಮೂರಿನ ಆರೋಗ್ಯ ಉಪಕೇಂದ್ರದ, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರದ ಆರೋಗ್ಯ ಅಧಿಕಾರಿಯೇ ನಿಮ್ಮನ್ನು ಕೂರಿಸಿಕೊಂಡು ದೂರದ ವೈದ್ಯರೊಂದಿಗೆ ಮಾತನಾಡಿಸುತ್ತಾರೆ. 2023ರ ಫೆಬ್ರವರಿಯ ಹೊತ್ತಿಗೇ ದೇಶದಲ್ಲಿ ಇಂತಹ ಸಲಹೆಗಳು 10 ಕೋಟಿ ದಾಟಿದವು. ಇದರಲ್ಲಿ ನನಗೆ ಮೆಚ್ಚಿಗೆಯಾದ ಸಂಗತಿಯೆಂದರೆ ರೋಗಿಯ ಪಕ್ಕದಲ್ಲಿ ತರಬೇತಿ ಪಡೆದ ಒಬ್ಬರು ಇರುತ್ತಾರೆ. “ಕಾಲು ಎತ್ತಿ ಕೆಳಗೆ ನೋಡಿ” ಎಂದರೆ ಎತ್ತಿ ನೋಡುವವರು ಇರುತ್ತಾರೆ.

ಆದರೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಹಾವು ಕಡಿತ, ವಿಷ ಸೇವನೆ, ಗರ್ಭಿಣಿಗೆ ರಕ್ತಸ್ರಾವ, ಮಗುವಿಗೆ ಫಿಟ್ಸ್, ಇವುಗಳಿಗೆ ಆ್ಯಪ್ ತೆರೆದು ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ತುರ್ತು ಸಮಯದಲ್ಲಿ ಫೋನಿನಲ್ಲಿ ಪ್ರಥಮ ಚಿಕಿತ್ಸೆಯ ಸಲಹೆ ಕೊಟ್ಟು ಆಸ್ಪತ್ರೆಗೆ ಕಳಿಸಬೇಕೆಂದೇ ಮಾರ್ಗಸೂಚಿಯೂ ಹೇಳುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಒಂದು ರಾತ್ರಿ ಪರಿಚಯದ ಯಜಮಾನರೊಬ್ಬರು ಫೋನು ಮಾಡಿ “ಎದೆ ಉರಿ ಸರ್, ಗ್ಯಾಸ್ ಆಗೈತಿ” ಎಂದರು. ನಾನು ನಿದ್ದೆಗಣ್ಣಿನಲ್ಲಿ ಗುಳಿಗೆಯ ಹೆಸರು ಹೇಳಿ “ಬೆಳಿಗ್ಗೆ ಬನ್ನಿ” ಎಂದೆ. ಅವರ ಮನೆಯವರು ನನ್ನ ಮಾತು ಕೇಳದೆ ಅದೇ ರಾತ್ರಿ ಗಾಡಿ ಮಾಡಿಕೊಂಡು ಕರೆತಂದರು. ಇಸಿಜಿಯಲ್ಲಿ ಹೃದಯಾಘಾತ. ಅವರು ಬದುಕಿದ್ದು ಆ ತಾಯಿಯ ವಿವೇಕದಿಂದ, ನನ್ನ ಸಲಹೆಯಿಂದಲ್ಲ. ಫೋನು ಕಿವಿಗೆ ಮಾತು ತಲುಪಿಸುತ್ತದೆ, ಆ ಮನುಷ್ಯನ ಮೈ ಬೆವರಿದ್ದನ್ನು ತಲುಪಿಸುವುದಿಲ್ಲ.

ಇದೇ ಹೃದಯಾಘಾತಕ್ಕೆ ತಂತ್ರಜ್ಞಾನವನ್ನು ಸರಿಯಾಗಿ ಬಳಸಿದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಯಂತ್ರದ ನೆರವಿನಿಂದ ದೂರದ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಗಮನಿಸಿ, ಇಲ್ಲಿ ದೂರದಿಂದ ಬರುವುದು ಬುದ್ಧಿಮಾತು ಮಾತ್ರ. ಹಾಸಿಗೆ, ಔಷಧಿ, ಕೈ ಎಲ್ಲವೂ ರೋಗಿಯ ಹತ್ತಿರವೇ ಇವೆ.

ಮನೆಯ ಉಪಕರಣಗಳ ಮಾತು

ಈಗ ಅನೇಕರ ಮನೆಯಲ್ಲಿ ಬಿ.ಪಿ. ಯಂತ್ರ, ಸಕ್ಕರೆ ನೋಡುವ ಗ್ಲುಕೋಮೀಟರ್, ಬೆರಳಿಗೆ ಹಾಕುವ ಆಕ್ಸಿಮೀಟರ್ ಇವೆ. ಅವು ತೋರಿಸಿದ ಅಂಕಿಯನ್ನು ಫೋನಿನಲ್ಲಿ ಹೇಳುತ್ತೀರಿ, ವೈದ್ಯರು ಅದನ್ನೇ ನಂಬಿ ಔಷಧಿ ಹೇಳುತ್ತಾರೆ. ಯಂತ್ರವೇ ತಪ್ಪು ತೋರಿಸಿದರೆ?

ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದರೂ ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ಈ ಉಪಕರಣ ಬೆರಳಿನ ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. ಚರ್ಮದ ಬಣ್ಣ ಗಾಢವಾದಂತೆ ಲೆಕ್ಕ ತಪ್ಪಬಹುದು. 2021ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯೇ ಜನರಿಗೆ ಎಚ್ಚರಿಕೆ ನೀಡಿತು. ಯಾವುದೇ ಉಪಕರಣವನ್ನು ಯಾರು ಬಳಸುತ್ತಾರೋ ಅವರ ಮೇಲೆಯೇ ಪರೀಕ್ಷಿಸಿ ನೋಡಬೇಕು ಎಂಬ ಪಾಠ ಇದು. ಬಿಸಿಲಿನಲ್ಲಿ ದುಡಿಯುವ ನಮ್ಮ ಜನಕ್ಕೂ ಈ ಪಾಠ ಅನ್ವಯಿಸುತ್ತದೆ. ಅಂಕಿ ಚೆನ್ನಾಗಿದ್ದು ರೋಗಿ ಏದುಸಿರು ಬಿಡುತ್ತಿದ್ದರೆ ರೋಗಿಯನ್ನು ನಂಬಿ, ಅಂಕಿಯನ್ನಲ್ಲ.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲ ಔಷಧಿಗಳಂತೆಯೇ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಮುಂದೆ ಹಂತ ಹಂತವಾಗಿ ಪರವಾನಗಿಯೂ ಕಡ್ಡಾಯವಾಯಿತು. ಆದ್ದರಿಂದ ಕೊಳ್ಳುವಾಗ ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ನೋಡಿ, ಬಿಲ್ಲು ಪಡೆಯಿರಿ. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಬಿ.ಪಿ. ನೋಡಿ. ಕೈ ತೊಳೆದು ಒರೆಸಿದ ಮೇಲೆ ಸಕ್ಕರೆ ನೋಡಿ. ಉಗುರಿಗೆ ಬಣ್ಣವಿದ್ದರೆ, ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಮುಂದಿನ ಸಲ ಬರುವಾಗ ನಿಮ್ಮ ಯಂತ್ರವನ್ನೂ ತನ್ನಿ, ನಮ್ಮದರೊಂದಿಗೆ ಹೋಲಿಸಿ ನೋಡೋಣ.

ನಿಮ್ಮ ರೋಗದ ಗುಟ್ಟು ನಿಮ್ಮದೇ

ವೈದ್ಯರ ಕೋಣೆಯಲ್ಲಿ ಹೇಳಿದ ಮಾತು ಕೋಣೆಯಲ್ಲೇ ಉಳಿಯುತ್ತದೆ. ಫೋನಿನಲ್ಲಿ ಕಳಿಸಿದ ಫೋಟೋ, ವರದಿ ಎಲ್ಲೆಲ್ಲಿ ಉಳಿಯುತ್ತದೆ ಎಂಬುದು ನಮಗೆ ಕಾಣುವುದಿಲ್ಲ. ಹೆಣ್ಣುಮಕ್ಕಳ ಕಾಯಿಲೆ, ಕ್ಷಯ, ಮನಸ್ಸಿನ ಕಾಯಿಲೆ, ಇವುಗಳ ಸುದ್ದಿ ಹೊರಬಿದ್ದರೆ ಒಂದು ಮದುವೆ ಮುರಿಯಬಹುದು, ಒಂದು ಕೆಲಸ ಹೋಗಬಹುದು.

2023ರ ಆಗಸ್ಟ್‌ನಲ್ಲಿ ಖಾಸಗಿ ಮಾಹಿತಿಯ ರಕ್ಷಣೆಗಾಗಿ ಕಾಯ್ದೆ ಬಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳನ್ನು ಪಾಲಿಸಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅದರ ಪ್ರಕಾರ ನಿಮ್ಮ ಮಾಹಿತಿಯನ್ನು ಏತಕ್ಕೆ ಪಡೆಯುತ್ತೇವೆ ಎಂದು ಮೊದಲೇ ತಿಳಿಸಬೇಕು. ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಕೇಳಿ ಪಡೆಯುವ ಹಕ್ಕು ನಿಮಗಿದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯುವ ಹಕ್ಕೂ ಇದೆ.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ‘ಆಭಾ’ ಎಂಬ 14 ಅಂಕಿಯ ಸಂಖ್ಯೆ ನಿಮ್ಮ ವೈದ್ಯಕೀಯ ದಾಖಲೆಗಳನ್ನು ಒಂದೆಡೆ ಜೋಡಿಸಲು ಮಾಡಿದ್ದು. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ, ಇದು ಬೇರೆ. ಆಭಾ ಸಂಖ್ಯೆ ಮಾಡಿಸುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಅದರಲ್ಲಿರುವ ದಾಖಲೆಯನ್ನು ನೋಡಲು ನಿಮ್ಮ ಒಪ್ಪಿಗೆ ಬೇಕು. ಫೋನಿಗೆ ಬರುವ ಓ.ಟಿ.ಪಿ. ಎಂದರೆ ನಿಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ. ಏಕೆ ಎಂದು ಕೇಳದೆ ಯಾರಿಗೂ ಹೇಳಬೇಡಿ.

ಬಂಧುಗಳಿಗೆ ಒಂದು ಕಿವಿಮಾತು. ಫೋನು ಸಾಮಾನ್ಯವಾಗಿ ಮಗನ ಕೈಯಲ್ಲಿ, ಗಂಡನ ಕೈಯಲ್ಲಿ ಇರುತ್ತದೆ. ತಾಯಿಯ ಬಾಯಿಂದ ಬರಬೇಕಾದ ಮಾತನ್ನು ನೀವೇ ಹೇಳಿಬಿಡುತ್ತೀರಿ. ಮನಸ್ಸು ಪ್ರಜ್ಞೆ ಸರಿಯಿರುವ ವಯಸ್ಕ ರೋಗಿಯ ಪರವಾಗಿ ಬೇರೆಯವರು ಮಾತನಾಡಬೇಕಾದರೆ ರೋಗಿ ಅಧಿಕಾರ ಕೊಟ್ಟಿರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಕಾನೂನು ಒತ್ತಟ್ಟಿಗಿರಲಿ, ಫೋನನ್ನು ಅವರ ಕೈಗೇ ಕೊಡಿ. ಐದು ನಿಮಿಷ ಕೋಣೆಯಿಂದ ಹೊರಗೆ ನಿಲ್ಲಿ. ಅವರು ನಿಮ್ಮೆದುರು ಹೇಳದ ಒಂದು ಮಾತಿನಲ್ಲೇ ಕಾಯಿಲೆ ಅಡಗಿರಬಹುದು.

ತಪ್ಪಾದರೆ ಯಾರನ್ನು ಕೇಳಬೇಕು?

ಆ ಮಗ ಕೇಳಿದ ಪ್ರಶ್ನೆಗೆ ಈಗ ಬರುತ್ತೇನೆ. ನಿಮ್ಮ ದಾಖಲೆಗಳನ್ನು ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕು. ಇದು ಫೋನಿನ ಸಲಹೆಗೂ ಅನ್ವಯಿಸುವ ವೈದ್ಯ ನಿಯಮಾವಳಿಯ ಮಾತು. ವೈದ್ಯರ ನಡವಳಿಕೆಯ ಬಗ್ಗೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಹಣ ಕೊಟ್ಟು ಪಡೆದ ಸಲಹೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನಿಯಮ ಮುರಿದ ಆ್ಯಪ್ ಸಂಸ್ಥೆಯನ್ನು ಕಪ್ಪು ಪಟ್ಟಿಗೆ ಸೇರಿಸಲು ಅವಕಾಶವಿದೆ. ಆದರೆ ಇವೆಲ್ಲಕ್ಕೂ ಬೇಕಾದದ್ದು ಒಂದು ಹೆಸರು, ಒಂದು ನೋಂದಣಿ ಸಂಖ್ಯೆ, ಒಂದು ರಸೀದಿ. ಅವಿಲ್ಲದೆ ದೂರು ಯಾರ ಮೇಲೆ?

ಸರ್ಕಾರ ಮಾಡಬೇಕಾದದ್ದೂ ಬಾಕಿಯಿದೆ. ನಿಯಮ ಕನ್ನಡದಲ್ಲಿ ಪ್ರತಿ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇರಬೇಕು. ಎಷ್ಟು ಜನ ಕರೆ ಮಾಡಿದರು ಎಂಬ ಲೆಕ್ಕದ ಜೊತೆಗೆ ಎಷ್ಟು ಜನ ಗುಣವಾದರು, ಎಷ್ಟು ಜನರಿಗೆ ತಡವಾಯಿತು ಎಂಬ ಲೆಕ್ಕವೂ ಬೇಕು. ಫೋನು ಇದೆಯೆಂದು ಹಳ್ಳಿಗೆ ವೈದ್ಯರನ್ನು ಕಳಿಸುವುದು ನಿಲ್ಲಬಾರದು. ವೈದ್ಯರು ದೂರವಿರಬಹುದು, ಅವರ ಹೊಣೆ ದೂರವಾಗಬಾರದು.

ಕೊನೆಯದಾಗಿ, ಫೋನಿನಲ್ಲಿ ಸಲಹೆ ಪಡೆಯುವಾಗ ಈ ಐದು ಮಾತು ಕೇಳಿ: “ನಿಮ್ಮ ಹೆಸರೇನು? ನೋಂದಣಿ ಸಂಖ್ಯೆ ಎಷ್ಟು? ಇದು ಫೋನಿನಲ್ಲಿ ಹೇಳಬಹುದಾದ ಕಾಯಿಲೆಯೇ? ಯಾವ ಲಕ್ಷಣ ಕಂಡರೆ ನಾನು ತಕ್ಷಣ ಆಸ್ಪತ್ರೆಗೆ ಹೋಗಬೇಕು? ಚೀಟಿ, ರಸೀದಿ ಕೊಡುತ್ತೀರಾ?” ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಇದರಿಂದ ಬೇಸರ ಪಡುವುದಿಲ್ಲ.

ಆ ತಾಯಿ ಈಗ ಮೂರು ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತಾರೆ. ನಡುವೆ ಊರಿನ ಆರೋಗ್ಯ ಕೇಂದ್ರದಿಂದ ಫೋನಿನಲ್ಲಿ ಮಾತನಾಡುತ್ತಾರೆ. ಕಳೆದ ಸಲ ವಿಡಿಯೋ ತೆರೆದ ಕೂಡಲೇ ನಾನು ಕೇಳುವ ಮೊದಲೇ ಅವರು ಕಾಲು ಎತ್ತಿ ಅಂಗಾಲು ತೋರಿಸಿ, “ಮೊದಲ ಇದನ್ನ ನೋಡ್ರೀ ಸಾಹೇಬ್ರ, ಆಮ್ಯಾಲ ಮಾತಾಡೂಣು” ಎಂದರು.

ನೀವೂ ಹಾಗೆಯೇ ಕೇಳುವವರಾಗಿರಿ, ತೋರಿಸುವವರಾಗಿರಿ.